ಇನ್ನೊಂದ್ಸಲ ಸಾರ್

ನಮ್ಮ ಶಾಲೆಗೆ ಟ್ಯಾಬ್ ಹೊತ್ತು ಬರುವ ಪರೀಕ್ಷಕರಿಗೆ ಮಕ್ಕಳು ಇಟ್ಟಿರುವ ಹೆಸರು ‘ಇನ್ನೊಂದ್ಸಲ ಸಾರ್’. ಮಗು ಓದುವುದನ್ನು ಕೇಳಿಸಿಕೊಂಡು ಟ್ಯಾಬ್ ಅಂಕ ಕೊಡುತ್ತದೆ; ಆ ಅಂಕವನ್ನು ನಂಬಬಹುದೇ ಎಂದು ನೋಡುವುದು ಇವರ ಕೆಲಸ. ಅದಕ್ಕೇ ಅದೇ ಮಗುವಿನಿಂದ ಅದೇ ಕಥೆಯನ್ನು ಹದಿನೈದು ದಿನ ಬಿಟ್ಟು ಮತ್ತೆ ಓದಿಸುತ್ತಾರೆ. ಅಷ್ಟೇ ಅಂಕ ಬಂದರೆ ಮುಖ ಊರಗಲ. ಮಗು ಸುಧಾರಿಸಿದ್ದರೆ ಮಾತ್ರ ಹರಳೆಣ್ಣೆ ಕುಡಿದವರಂತೆ ನನ್ನ ಕಡೆ ತಿರುಗಿ, “ಏನ್ ಟೀಚರ್, ಮಧ್ಯದಲ್ಲಿ ಪಾಠ ಮಾಡ್ಬಿಟ್ರಾ?” ಎನ್ನುತ್ತಾರೆ. ಬೀಗ ಹಾಕಿದರೆ ಎರಡು ಸಲ ಜಗ್ಗುತ್ತಾರೆ. ಹೆಂಡತಿ ಫೋನಿನಲ್ಲಿ “ಊಟ ಆಯ್ತಾ?” ಎಂದರೆ ಡಬ್ಬಿ ತೆರೆದು ನೋಡಿಯೇ ಉತ್ತರ. ಒಮ್ಮೆ ಟ್ಯಾಬು ಫ್ಯಾನಿನ ಸದ್ದನ್ನೇ ಓದು ಎಂದುಕೊಂಡು ಹದಿನಾರು ಅಂಕ ಕೊಟ್ಟಿತು. ಇವರು ಫ್ಯಾನಿಗೂ “ಇನ್ನೊಂದ್ಸಲ” ಎಂದರು. ಮತ್ತೆ ಹದಿನಾರೇ ಬಂತು! “ನೋಡಿ, ಎಂಥ ನಂಬಿಕಸ್ತ ಯಂತ್ರ!” ಎಂದು ಹಿಗ್ಗಿದರು. ಓದಿಸುವ ಕಥೆ ಕಳೆದುಹೋದ ನಾಯಿಮರಿಯದು. ಸರಿಯಾಗಿ ಒಂದು ನಿಮಿಷಕ್ಕೆ ಟ್ಯಾಬ್ ಕುಂಯ್ ಎನ್ನುತ್ತದೆ, ಕಥೆ ಅಲ್ಲಿಗೇ ಮಾಯ. ಇವತ್ತಿನವರೆಗೆ ಯಾವ ಮಗುವೂ ಕೊನೆ ಮುಟ್ಟಿಲ್ಲ. ಎರಡನೇ ತರಗತಿಯ ಹುಡುಗಿಯೊಬ್ಬಳು ಕಥೆ ಮಾಯವಾದರೂ ಏಳದೆ, “ಸಾರ್, ಮರಿ ಸಿಕ್ತಾ?” ಎಂದಳು. ಆ ಕಥೆಯನ್ನು ಎಂಟುನೂರು ಸಲ ಕೇಳಿದ್ದ ಮನುಷ್ಯ ತಬ್ಬಿಬ್ಬಾಗಿ, “ಗೊತ್ತಿಲ್ಲಮ್ಮ” ಎಂದರು. ಹದಿನೈದು ದಿನ ಕಳೆದು ಅವಳು ಮತ್ತೆ ಓದಿದಳು, ಮತ್ತೆ ಅದನ್ನೇ ಕೇಳಿದಳು. ಇವರೂ ಅದೇ ಉತ್ತರ ಕೊಟ್ಟರು, ಒಂದಕ್ಷರವೂ ಬದಲಾಗದಂತೆ.