ತಾತನ ಪಂಪು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಗಾಳಿ ಬದಲಾಗುತ್ತದೆ. ಅಲ್ಲಿಯತನಕ ಒಣಮಣ್ಣು, ಹತ್ತಿ ಕಟ್ಟಿಗೆ. ಆಮೇಲೆ ಕಾಲುವೆ ನೀರಿನ ತಂಪು, ಗದ್ದೆಯ ಕೆಸರು, ಊರು ಹತ್ತಿರಾದಂತೆ ರೈಸ್‌ಮಿಲ್ಲುಗಳ ಹೊಟ್ಟಿನ ಹೊಗೆ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಅನ್ನುತ್ತಾರೆ. ನೆಲ್ಲಿನ ಹೊಟ್ಟು ಕಟ್ಟಿಗೆಯ ಹಾಗೆ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಅದರ ಹೊಗೆ ತೆಳ್ಳಗೆ, ಒಂಚೂರು ಸಿಹಿಯಾಗಿ ಬಂದು ಗಂಟಲಿನಲ್ಲಿ ಕೂತುಬಿಡುತ್ತದೆ. ಹೋದ ತಿಂಗಳು ಒಂದು ಮದುವೆಗೆಂದು ಹೊರಟಾಗ ಆ ವಾಸನೆ ಬಂತು. ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲೇನು ಎಂದು ಕೇಳಿದಳು. ನಾನು ಬೇಡವೆಂದೆ. ಆ ಹೊಗೆಯಲ್ಲಿ ನನ್ನ ಮನೆಯಿತ್ತು. ಈಗ ಆ ಮನೆಯ ಜಾಗದಲ್ಲಿ ಗೊಬ್ಬರದಂಗಡಿಯ ಗೋದಾಮು ಎದ್ದಿದೆ.

ಎರಡು ಖೋಲಿಯ ಬಾಡಿಗೆ ಮನೆ ಅದು. ಅಪ್ಪ ಊರಂಚಿನ ಒಂದು ರೈಸ್‌ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಮಿಲ್ಲಿನ ಮಾಲಕರಾದ ಅಣ್ಣತಮ್ಮಂದಿರಲ್ಲಿ ಜಗಳ ಬಿದ್ದು, ಗೇಟಿಗೆ ಒಬ್ಬರದೊಂದು ಇನ್ನೊಬ್ಬರದೊಂದು ಎಂದು ಎರಡು ಕೀಲಿ ಬಿದ್ದವು. ಇವತ್ತು ತೆಗೆದಾರು, ನಾಳೆ ತೆಗೆದಾರು ಎಂದು ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅದೇ ಹೊತ್ತಿಗೆ ಮಿಲ್ಲಿನ ತನಕ ಹೋಗಿ ಬರುತ್ತಿದ್ದ. ಮೂರು ವರ್ಷ ಅದು ತೆರೆಯಲಿಲ್ಲ. ಸುಗ್ಗಿ ಬಂದರೆ ಕಟಾವು ಮಷೀನಿನ ಹಿಂದೆ ಹಳ್ಳಿಗಳಿಗೆ ಹೋಗುತ್ತಿದ್ದ, ಇಲ್ಲದಾಗ ಸಿಕ್ಕ ಕೂಲಿ ಮಾಡುತ್ತಿದ್ದ. ಮೊದಲೇ ಕಡಿಮೆ ಮಾತಿನವನು, ಆ ದಿನಗಳಲ್ಲಿ ಮಾತು ಪೂರ್ತಿ ನಿಂತೇಹೋಯಿತು.

ಮನೆ ನಡೆಸಿದವಳು ಅವ್ವ. ಒಂದೊಂದೇ ಬಿಡುತ್ತ ಹೋದಳು. ಮೊದಲು ಹಾಲು ಬಿಟ್ಟಳು, ಚಹಾ ಕರಿಯಾಯಿತು. ಅಕ್ಕಿಯ ಬದಲು ಮಿಲ್ಲುಗಳಲ್ಲಿ ಅಗ್ಗಕ್ಕೆ ಸಿಗುವ ನುಚ್ಚು ಬಂತು. ಮೈಸಾಬೂನನ್ನು ದಾರದಿಂದ ಮೂರು ತುಂಡು ಕೊಯ್ದು, ಒಂದು ಪೂರ್ತಿ ಕರಗಿದ ಮೇಲೆಯೇ ಇನ್ನೊಂದನ್ನು ಹೊರಗೆ ತೆಗೆಯುತ್ತಿದ್ದಳು. ನಡುಗೋಡೆಯ ಮೇಲ್ಗಡೆ ಎರಡು ಇಟ್ಟಂಗಿ ಕೀಳಿಸಿ, ಆ ಕಿಂಡಿಯಲ್ಲಿ ಬಲ್ಬು ಇಳಿಬಿಟ್ಟಳು; ಒಂದೇ ಬಲ್ಬಿನ ಬೆಳಕು ಎರಡೂ ಖೋಲಿಗೆ ಬೀಳಬೇಕು. ಸಿಲಿಂಡರ್ ಮುಗಿದಾಗ ಮತ್ತೆ ತುಂಬಿಸಲಿಲ್ಲ. ಅದನ್ನು ಮೂಲೆಗೆ ಸರಿಸಿ ಮೇಲೆ ನೀರಿನ ಕೊಡ ಇಟ್ಟಳು. ಒಂದು ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಗಟ್ಟಿಯಾಗಿ ಬಡಿದು, ಬಾಟಲಿಯನ್ನು ಮೆಲ್ಲಗೆ ತಿರುವಿ ಮೇಲೆಳೆದರೆ ಒಲೆ ತಯಾರು. ಒಮ್ಮೆ ಹೊತ್ತಿಸಿದರೆ ಮೂರು ತಾಸು ನಡೆಯುತ್ತಿತ್ತು. ನಮಗೆ ಅಷ್ಟು ಬೇಕಾಗುತ್ತಿರಲಿಲ್ಲ. ಪಕ್ಕದ ಮನೆಯ ಖಾಜಾಬೀ ಚಾಚಿ, ಕೌದಿ ಹೊಲಿದು ಬದುಕುತ್ತಿದ್ದ ಒಂಟಿ ಹೆಂಗಸು, ನಮ್ಮ ಅಡಿಗೆಯಾದ ಮೇಲೆ ಅದೇ ಒಲೆಯ ಮೇಲೆ ತನ್ನ ಗಡಿಗೆ ಇಡುತ್ತಿದ್ದಳು. ಮರುದಿನ ಹೊಟ್ಟು ತುಂಬುವ ಪಾಳಿ ಅವಳದು. ತಾತನಿಗೆ ಹೊಗೆ ಆಗದೆಂದು ಅವ್ವ ಆ ಒಲೆಯನ್ನು ಹಿತ್ತಲಿಗೆ ಒಯ್ದಿದ್ದಳು. ಮಳೆ ಬಂದರೆ ತಲೆಯ ಮೇಲೆ ಗೋಣಿಚೀಲ ಹೊದ್ದು ಅಲ್ಲಿಯೇ ಕೂತು ರೊಟ್ಟಿ ಬಡಿಯುತ್ತಿದ್ದಳು.

ತಾತ ಅಂದರೆ ಅಪ್ಪನ ಅಪ್ಪ. ಮಸ್ಕಿಯ ಕಡೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಪ್ರಾಯವನ್ನೆಲ್ಲ ಕಳೆದವನು. ಆ ಹತ್ತಿಯ ಧೂಳು ಎದೆಯಲ್ಲಿ ಉಳಿದು ದಮ್ಮು ತಂದಿತ್ತು. ಹಾಗೆಂದು ಮೂಲೆ ಹಿಡಿದು ನರಳುವ ಮುದುಕನಲ್ಲ. ಅವನಿಗೆ ಬಾಯಲ್ಲಿ ಯಾವ ಸಪ್ಪಳವಾದರೂ ಬರುತ್ತಿತ್ತು. ಜಿನ್ನಿನ ಪಟ್ಟಿ ತಿರುಗುವ ಸಪ್ಪಳ, ಬಸ್ಸು ಗೇರು ಬದಲಿಸುವ ಸಪ್ಪಳ, ಸಾರಿಗೆ ಒಗ್ಗರಣೆ ಬೀಳುವ ಸಪ್ಪಳ. ಎಣ್ಣೆ ತೀರಿ ಅವ್ವ ಒಗ್ಗರಣೆಯಿಲ್ಲದ ಪುಂಡಿಪಲ್ಯೆ ಬಡಿಸಿದ ದಿನ ನನ್ನ ತಮ್ಮ ಶರಣು ಮುಖ ತಿರುವಿದರೆ, ತಾತ ಅವನ ತಟ್ಟೆಯ ಮೇಲೆ ಬಗ್ಗಿ ಬಾಯಿಂದ ಚುರ್ರ್ ಎನ್ನಿಸುತ್ತಿದ್ದ. ಶರಣು ನಕ್ಕು ತಿನ್ನುತ್ತಿದ್ದ. ತಾತನ ಔಷಧವೆಂದರೆ ಒಂದು ನೀಲಿ ಪಂಪು. ಬಾಯಲ್ಲಿಟ್ಟು ಒತ್ತಿದರೆ ಸ್ಸ್ ಎಂದು ಔಷಧ ಒಳಗೆ ಹೋಗುವುದು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಹೊಸದು ತಂದ ದಿನ ನನ್ನ ಅಂಗೈ ಮೇಲೆ ಒಂದು ಸಲ ಒತ್ತುತ್ತಿದ್ದ, ತಣ್ಣಗೆ ಮಂಜು ಬಿದ್ದಂತಾಗುತ್ತಿತ್ತು. ಮನೆಯ ಬೇರೆ ಖರ್ಚು ಏನೇ ಆಗಲಿ, ಪಂಪಿನ ರೊಕ್ಕವನ್ನು ಅವ್ವ ಮೆಂತ್ಯದ ಡಬ್ಬಿಯಲ್ಲಿ ಬೇರೆ ಇಡುತ್ತಿದ್ದಳು. ಅದನ್ನು ಮುಟ್ಟುವ ಹಾಗಿರಲಿಲ್ಲ.

ನಾನು ಏಳನೆಯ ಇಯತ್ತೆಗೆ ಬಂದ ವರ್ಷ, ದೀಪಾವಳಿ ಮುಗಿದ ಮೇಲೆ, ಒಂದು ಬೆಳಿಗ್ಗೆ ಲೈನ್‌ಮನ್ ಬಂದ. ಕರೆಂಟಿನ ಬಿಲ್ಲು ನಿಂತಿತ್ತು.

"ಮೂರು ತಿಂಗಳಾತ್ರಿ ಅಕ್ಕಾರ. ಇವತ್ತು ಕಟ್ ಮಾಡಿ ಬಾ ಅಂದಾರ. ನಂದೇನೂ ನಡಿಯಂಗಿಲ್ಲ," ಅಂದ. ಸಿಟ್ಟಿನಿಂದಲ್ಲ, ಮುಖ ಕೆಳಗೆ ಹಾಕಿಯೇ ಹೇಳಿದ.

"ಎಂಟು ದಿನ ತಡೀ ತಮ್ಮಾ. ಇವರು ಮುಕ್ಕುಂದಕ್ಕ ಮಷೀನಿನ ಕೆಲಸಕ್ಕ ಹೋಗ್ಯಾರ," ಎಂದಳು ಅವ್ವ.

ಅವನು ನಿಚ್ಚಣಿಕೆಯನ್ನು ಗೋಡೆಗೆ ಆನಿಸಿದ. ಕಟ್ಟೆಯ ಮೇಲೆ ಕೂತಿದ್ದ ತಾತ ಒಳಗೆ ಬಂದ, ಅವ್ವ ಬಾಗಿಲ ಮರೆಗೆ ಸರಿದಳು.

"ಶಾಂತವ್ವ, ಪಂಪಿನ ರೊಕ್ಕ ಐತಲ್ಲ, ಅದನ್ನ ಕಟ್ಟಿಬಿಡು."

"ಅದು ನಿಮ್ಮ ಔಷಧದ್ದು ಮಾವಾರ. ಹಳೇದು ಮುಗಿಯಾಕ ಬಂದೈತಿ."

"ಎಲ್ಲಿ ಮುಗದೈತಿ? ಇನ್ನೂ ಒಂದು ತಿಂಗಳು ಬರತೈತಿ. ಬೇಕಾದ್ರ ಕೇಳು," ಎಂದವನೇ ಜೇಬಿನಿಂದ ಪಂಪು ತೆಗೆದು ಬಾಯಲ್ಲಿಟ್ಟು ಒತ್ತಿದ. ಸ್ಸ್ ಎಂಬ ಸಪ್ಪಳ ನಮಗೆಲ್ಲ ಕೇಳಿಸಿತು. "ಹುಡುಗಿ ಈ ವರ್ಷ ಪರೀಕ್ಷಾ ಬರೀಬೇಕು. ಕತ್ತಲದಾಗ ಏನು ಓದತಾಳ?"

ಅವ್ವ ಬಾಗಿಲ ಮರೆಯಿಂದ ಇಣುಕಿ ಅವನ ಕೈಯಲ್ಲಿದ್ದ ಪಂಪನ್ನು ನೋಡಿದಳು. ಆಮೇಲೆ ಡಬ್ಬಿ ತೆಗೆದಳು. ಲೈನ್‌ಮನ್ ನಿಚ್ಚಣಿಕೆ ಎತ್ತಿಕೊಂಡು ಹೋದ. ಅವತ್ತು ಸಂಜೆ ಕಿಂಡಿಯ ಬಲ್ಬು ಎಂದಿನಂತೆ ಹತ್ತಿತು, ನಾನು ಅದರ ಕೆಳಗೆ ಕೂತು ಗಣಿತ ಮಾಡಿದೆ.

ಹತ್ತು ಹನ್ನೆರಡು ದಿನ ಆಗಿರಬೇಕು. ತಾತ ಜಳಕಕ್ಕೆ ಹೋದಾಗ ಅವನ ಅಂಗಿ ಹಗ್ಗದ ಮೇಲೆ ಇತ್ತು. ನಾನು ಕಳ್ಳತನದಿಂದ ಪಂಪು ತೆಗೆದು ಅಂಗೈ ಮೇಲೆ ಒತ್ತಿದೆ. ಏನೂ ಬರಲಿಲ್ಲ. ಅಲ್ಲಾಡಿಸಿ ಮತ್ತೆ ಒತ್ತಿದೆ. ಒಳಗೆ ಒಂದು ಹನಿಯೂ ಇದ್ದ ಹಾಗೆ ಕಾಣಲಿಲ್ಲ. ಕೆಟ್ಟಿರಬೇಕು ಎಂದುಕೊಂಡು ಮತ್ತೆ ಜೇಬಿನಲ್ಲಿಟ್ಟೆ. ಸಂಜೆ ಅವ್ವ ಹಿತ್ತಲಿನಿಂದ, "ಮಾವಾರ, ಪಂಪು ಹೊಡಕೊಂಡ್ರ್ಯಾ?" ಎಂದು ಕೇಳಿದಳು. "ಹೊಡಕೊಳ್ಳಾಕತ್ತೀನಿ ಯವ್ವಾ," ಎಂದ ತಾತ. ಸಪ್ಪಳ ಬಂತು. ನಾನು ಅವನೆದುರಿಗೇ ಕೂತಿದ್ದೆ. ಅವನ ನಾಲಿಗೆಯ ತುದಿ ಹಲ್ಲಿಗೆ ತಗುಲಿತ್ತು. ಸಪ್ಪಳ ಬಂದದ್ದು ಅಲ್ಲಿಂದ.

ನಾನು ನೋಡಿದ್ದು ಅವನಿಗೆ ತಿಳಿಯಿತು. ಕೈಮಾಡಿ ಹತ್ತಿರ ಕರೆದ.

"ಗಂಗೂ, ನಿಮ್ಮವ್ವಗ ಹೇಳಬ್ಯಾಡ. ಸುಗ್ಗಿ ಮುಗದು ನಿಮ್ಮಪ್ಪ ರೊಕ್ಕ ತರತಾನ. ಅಲ್ಲೀತನಕ ನೀ ಬಾಯಿ ಬಿಡಬಾರದು ನೋಡು."

"ದಮ್ಮು ಬಂದ್ರ ಏನ್ ಮಾಡ್ತೀ?"

"ಬಿಸಿನೀರು ಕುಡೀತೀನಿ. ಜಿನ್ನಿನಾಗ ಇದ್ದಾಗ ಇದೆಲ್ಲ ಎಲ್ಲಿತ್ತು?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನಗಾಗ ಹನ್ನೆರಡು ವರ್ಷ. ದೊಡ್ಡವರ ಗುಟ್ಟೊಂದು ನನ್ನ ಕೈಗೆ ಬಂದಿದೆ ಎಂಬ ಹೆಮ್ಮೆಯೇ ಹೆಚ್ಚಾಗಿತ್ತು, ಭಯ ಅಷ್ಟಿರಲಿಲ್ಲ. ಅಷ್ಟೇ ಅಲ್ಲ, ನಾನೂ ಅದರಲ್ಲಿ ಸೇರಿಕೊಂಡೆ. ತಾತನಿಗೆ ಉಸಿರು ಸಾಲದೆ ಆ ಸಪ್ಪಳ ಸರಿಯಾಗಿ ಬಾರದ ದಿನ, ಅವ್ವ ಕೇಳುವ ಮೊದಲೇ ನಾನೇ ಒಳಗಿನಿಂದ ಕೂಗಿ ಹೇಳುತ್ತಿದ್ದೆ: "ತಾತ ಪಂಪು ಹೊಡಕೊಂಡಾನವ್ವ."

ಚಳಿ ಹೆಚ್ಚಿತು. ಬೆಳಗಿನ ಹೊತ್ತು ಗದ್ದೆಗಳ ಮಂಜೂ ಮಿಲ್ಲುಗಳ ಹೊಗೆಯೂ ಕೂಡಿ ಬೀದಿಯಲ್ಲಿ ಕದಲದೆ ನಿಲ್ಲುತ್ತಿತ್ತು. ತಾತ ಗೋಡೆಗೊರಗಿ, ಎರಡೂ ಕೈ ಮೊಣಕಾಲ ಮೇಲೆ ಊರಿ, ಭುಜ ಎತ್ತಿ ಎತ್ತಿ ಉಸಿರಾಡುತ್ತಿದ್ದ. ಅವ್ವ ಬಂದರೆ ಭುಜ ಇಳಿಸಿ, ಶರಣುವಿನ ಜೊತೆ ಆಡುತ್ತಿದ್ದವನಂತೆ ಮಾಡುತ್ತಿದ್ದ. "ಈ ಸಲ ಚಳಿ ಬಾಳ ಐತಿ, ಔಷಧನೂ ಹತ್ತವಲ್ದು," ಎಂದು ಅವ್ವ ಖಾಜಾಬೀ ಚಾಚಿಯ ಮುಂದೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಕೇಳಿ ಸುಮ್ಮನಿದ್ದೇನೆ.

ಅದೊಂದು ಭಾನುವಾರ. ಅಪ್ಪ ಇನ್ನೂ ಮುಕ್ಕುಂದದಿಂದ ಬಂದಿರಲಿಲ್ಲ. ಅವ್ವ ವಳಕಮದಿನ್ನಿಗೆ ನೆಲ್ಲು ಒಣಗಿಸುವ ಕೂಲಿಗೆ ನಸುಕಿನಲ್ಲೇ ಹೋಗಿದ್ದಳು. ಬಿಸಿಲು ಏರುವ ಹೊತ್ತಿಗೆ ತಾತನಿಗೆ ದಮ್ಮು ಕಟ್ಟಿತು. ಬಿಸಿನೀರು ಕೊಟ್ಟೆ, ನುಂಗಲಾಗಲಿಲ್ಲ. ತುಟಿ ನೀಲಿಗಟ್ಟಿತು. ಅವನು ಕೈಯನ್ನು ಜೇಬಿನ ಕಡೆ ಒಯ್ದ. ಖಾಲಿಯೆಂದು ನಮ್ಮಿಬ್ಬರಿಗೂ ಗೊತ್ತಿದ್ದ ಪಂಪನ್ನು ನಾನೇ ತೆಗೆದು ಅವನ ಬಾಯಲ್ಲಿಟ್ಟೆ. ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. ಸಪ್ಪಳ ಬರಲಿಲ್ಲ. ಅದನ್ನು ಮಾಡಲು ಬೇಕಾದ ಉಸಿರು ಅವನಲ್ಲಿ ಉಳಿದಿರಲಿಲ್ಲ. ಅವನು ನನ್ನ ಮುಖ ನೋಡಿ ತಲೆಯನ್ನು ಆ ಕಡೆ ಈ ಕಡೆ ಮಾಡಿದ. ಸಾಕು ಎಂದನೋ, ಹೇಳಬೇಡ ಎಂದನೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಓಡಿಹೋಗಿ ಖಾಜಾಬೀ ಚಾಚಿಯನ್ನು ಕರೆತಂದೆ. ಅವಳು ಒಂದು ಸಲ ನೋಡಿ, "ಚಲ್ ಬೇಟಾ, ಆಟೋ ಕರಕೊಂಡು ಬಾ," ಅಂದಳು. ಆಟೋದಲ್ಲಿ ತಾತನ ತಲೆ ಅವಳ ತೊಡೆಯ ಮೇಲಿತ್ತು. ಆಸ್ಪತ್ರೆಯ ಮೆಟ್ಟಿಲು ಏರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮರುದಿನ ಮಸ್ಕಿಯ ಹತ್ತಿರ ನಮ್ಮ ಮನೆತನದವರ ಹೊಲದಲ್ಲಿ ಮಣ್ಣು ಮಾಡಿದರು. ನಮ್ಮಲ್ಲಿ ಮಲಗಿಸುವುದಿಲ್ಲ, ಕೂರಿಸುತ್ತಾರೆ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಗುಣಿಯೊಳಗೆ ಕೂರಿಸಿದಾಗ ತಾತ ನಮ್ಮ ಮನೆಯ ಕಟ್ಟೆಯ ಮೇಲೆ ಕೂತ ಹಾಗೆಯೇ ಇದ್ದ. ಅಪ್ಪ ಮುಕ್ಕುಂದದಿಂದ ತಂದ ಕೂಲಿ ಆ ಖರ್ಚಿಗೇ ಸರಿಹೋಯಿತು. ಸಿಂಧನೂರಿಗೆ ತಿರುಗಿ ಬಂದ ದಿನ ಅವ್ವ ತಾತನ ಅರಿವೆಗಳನ್ನು ಮಡಿಚುತ್ತ ನನ್ನನ್ನು ಕೇಳಿದಳು, "ಪಂಪು ಎಲ್ಲೈತಿ?"

"ಆಸ್ಪತ್ರ್ಯಾಗ ಬಿದ್ದಿರಬೇಕವ್ವ," ಅಂದೆ. ಅದು ನನ್ನ ಲಂಗದ ನೆರಿಗೆಯಲ್ಲಿತ್ತು. ನೀರು ತರುವ ನೆಪ ಮಾಡಿ ಕಾಲುವೆಗೆ ಹೋಗಿ ಎಸೆದುಬಂದೆ. ಮುಳುಗಲಿಲ್ಲ. ತೂಬಿನ ತನಕ ತೇಲುತ್ತ ಹೋದದ್ದನ್ನು ನೋಡುತ್ತ ನಿಂತಿದ್ದೆ.

ಆಮೇಲಿನದು ಬೇಗ ಹೇಳಿ ಮುಗಿಸುವಂಥದ್ದು. ಮಿಲ್ಲು ಬೇರೆಯವರ ಕೈಗೆ ಹೋಗಿ ತೆರೆಯಿತು, ಅಪ್ಪನನ್ನು ಮತ್ತೆ ಕರೆದರು. ಸಿಲಿಂಡರ್ ಮೇಲಿನ ಕೊಡ ಕೆಳಗಿಳಿಯಿತು. ನಾನು ಓದಿದೆ, ಲಿಂಗಸುಗೂರಿನಲ್ಲಿ ಶಾಲೆಯ ಕೆಲಸ ಸಿಕ್ಕಿತು. ಖಾಜಾಬೀ ಚಾಚಿ ಹೋದಳು, ಅಪ್ಪ ಹೋದ. ಶರಣು ಗುತ್ತಿಗೆ ಕೆಲಸದ ಹಿಂದೆ ಊರೂರು ತಿರುಗುವವನು. ಅವ್ವನನ್ನು ನನ್ನ ಹತ್ತಿರವೇ ಕರೆದುಕೊಂಡೆ. ಅವಳ ಕೈ ಮಾತ್ರ ಹಳೆಯದನ್ನು ಮರೆಯಲಿಲ್ಲ. ನನ್ನ ಮನೆಯಲ್ಲೂ ಸಾಬೂನು ಕೊಯ್ಯುತ್ತಿದ್ದಳು, ಯಾರೂ ಇಲ್ಲದ ಖೋಲಿಯ ದೀಪ ಆರಿಸಲು ಗೋಡೆ ಹಿಡಿದುಕೊಂಡು ಹೋಗುತ್ತಿದ್ದಳು. ಬಂದ ನೆಂಟರ ಮುಂದೆ ಆ ಮೂರು ವರ್ಷದ ಮಾತು ತೆಗೆದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು. "ಏನೇನು ಬಿಟ್ಟೀನಿ ಅದು ನನಗೇ ಗೊತ್ತು. ಮಕ್ಕಳಿಗೆ ಹಾಲು ಬಿಡಿಸೀನಿ, ಹಬ್ಬಕ್ಕ ಅರಿವಿ ಬಿಡಿಸೀನಿ. ಆದ್ರ ನಮ್ಮ ಮಾವಾರ ಔಷಧ ಒಂದಿನಾನೂ ತಪ್ಪಿಸಲಿಲ್ಲ ನೋಡ್ರಿ." ಪ್ರತಿಸಲವೂ ನಾನು ಚಹಾ ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದೆ. ಆ ಬಡತನದಿಂದ ಅವಳು ಉಳಿಸಿಕೊಂಡು ತಂದ ಆಸ್ತಿ ಅದೊಂದೇ. ಅದೂ ಖೊಟ್ಟಿ ನಾಣ್ಯ ಎಂದು ನಾನು ಹೇಗೆ ಹೇಳಲಿ? ಹೇಳದೆ ಹೇಗಿರಲಿ? ಒಂದೆರಡು ಸಲ ಬಾಯಿತನಕ ಬಂದದ್ದುಂಟು. ಅವಳು ನುಚ್ಚು ಆರಿಸುತ್ತ ಕೂತಿರುತ್ತಿದ್ದಳು, ನಾನು ಹತ್ತಿರ ಹೋಗಿ ಕೂರುತ್ತಿದ್ದೆ. "ಯಾಕಬೇ, ಸಾಲಿ ಇಲ್ಲೇನು?" ಎನ್ನುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಕೊನೆಯ ವಾರದಲ್ಲಿ ಹೊತ್ತು, ಊರು, ಮನುಷ್ಯರು ಎಲ್ಲ ಕಲೆಸಿಹೋಗಿದ್ದವು. ನನ್ನನ್ನು ಒಮ್ಮೊಮ್ಮೆ ಖಾಜಾಬೀ ಎಂದು ಕರೆದು, ಒಲೆಗೆ ಹೊಟ್ಟು ತುಂಬಿಟ್ಟಿಯೇನು ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಮಾತ್ರ ಕಣ್ಣು ತಿಳಿಯಾಗಿತ್ತು. ನಾನು ಗಂಗೂ ಎಂದು ಗೊತ್ತಾಗಿ, ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನಿಮ್ಮ ತಾತಗ ನಾ ಔಷಧ ತಪ್ಪಿಸಿಲ್ಲಲ್ಲ?"

ಇಷ್ಟು ವರ್ಷ ಅದನ್ನು ಹೇಳುತ್ತ ಬಂದವಳು, ಅವತ್ತು ಮೊದಲನೆಯ ಸಲ ಕೇಳಿದಳು. ಅವಳ ಹಿಡಿತ ಬಿಗಿಯಾಗಿತ್ತು. ಅವಳಿಗೆ ಗೊತ್ತಿತ್ತೋ, ಸಂಶಯವಿತ್ತೋ, ಅಥವಾ ಸುಮ್ಮನೆ ಬಾಯಿಗೆ ಬಂದ ಮಾತೋ.

"ಇಲ್ಲವ್ವ. ಒಂದಿನಾನೂ ತಪ್ಪಿಸಿಲ್ಲ. ನಾ ನೋಡೀನಲ್ಲ," ಅಂದೆ.

"ಹೂಂ," ಎಂದು ಕೈ ಬಿಟ್ಟಳು. ಮೂರನೆಯ ದಿನ ಹೋದಳು.

ಅವಳನ್ನು ಮಸ್ಕಿಯ ಅದೇ ಹೊಲಕ್ಕೆ ಒಯ್ದೆವು. ತಾತನ ಒಂದು ಪಕ್ಕಕ್ಕೆ ಅಪ್ಪನಿದ್ದ, ಇನ್ನೊಂದು ಪಕ್ಕದಲ್ಲಿ ಜಾಗವಿತ್ತು, ಅಲ್ಲಿಯೇ ಕೂರಿಸಿದರು. ಸೊಸೆ ಮಾವನ ಎದುರಿಗೆ ಕೂಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಬದುಕಿರುವ ತನಕ ಅವಳು ಅವನೊಡನೆ ಬಾಗಿಲ ಮರೆಯಿಂದಲೋ ಹಿತ್ತಲಿನಿಂದಲೋ ಮಾತಾಡಿದವಳು. ಈಗ ಇಬ್ಬರ ನಡುವೆ ಒಂದು ಮಾರು ನೆಲವೂ ಇಲ್ಲ. ಹೇಳುವುದಿದ್ದರೆ ತಾತನೇ ಹೇಳಿಕೊಳ್ಳಲಿ ಎಂದು, ನನ್ನ ಪಾಲಿನ ಮೂರು ಹಿಡಿ ಮಣ್ಣು ಹಾಕಿ, ರಸ್ತೆಗೆ ಬಂದು ಲಿಂಗಸುಗೂರಿನ ಬಸ್ಸಿಗೆ ನಿಂತೆ.