ಎರಡನೇ ಮಹಡಿಯಲ್ಲಿ ಕಾಯುವ ಲಿಫ್ಟು

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಐದು ಮಹಡಿಯ ಹಳೆಯ ಕಟ್ಟಡದಲ್ಲಿ ಒಂದು ಕಚೇರಿಯೂ ಬಾಗಿಲು ತೆರೆದಿಲ್ಲ. ಲಿಫ್ಟಿನ ಕಬ್ಬಿಣದ ಜಾಲರಿ ಬಾಗಿಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಹಿತ್ತಾಳೆಯ ಹಿಡಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದಾರೆ ಲಿಫ್ಟಣ್ಣ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಡುವಯಸ್ಸಿನವರೊಬ್ಬರು ಒಳಗೆ ಬಂದು ಗೋಡೆ ನೋಡುತ್ತಾ ನಿಲ್ಲುತ್ತಾರೆ.

"ಎಷ್ಟನೇದು ಸಾರ್?"

"ಎರಡು... ದರ್ಜಿ ಅಂಗಡಿಗೆ."

ದರ್ಜಿ ಅಂಗಡಿ ತೆರೆಯುವುದು ಹತ್ತೂವರೆಗೆ. ಲಿಫ್ಟಣ್ಣ ಹುಬ್ಬು ಕೂಡ ಹಾರಿಸುವುದಿಲ್ಲ. "ಆಗಲಿ ಸಾರ್" ಎಂದು ಎರಡನೇ ಮಹಡಿಯಲ್ಲಿ ಅವರನ್ನು ಇಳಿಸುತ್ತಾರೆ. ಆದರೆ ಲಿಫ್ಟನ್ನು ಕೆಳಗೆ ಒಯ್ಯುವುದಿಲ್ಲ. ಜಾಲರಿ ತೆರೆದೇ ಇಟ್ಟು, ಸ್ಟೂಲಿನ ಮೇಲೆ ಕೂತು ಕಾಯುತ್ತಾರೆ.

ಈ ಹೊತ್ತಿನಲ್ಲಿ ಇಲ್ಲಿ ದೀಪ ಉರಿಯುವುದು ನಾಲ್ಕನೇ ಮಹಡಿಯ ಕೊನೆಯ ಕೋಣೆಯಲ್ಲಿ ಮಾತ್ರ. ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು ಬೆಳಿಗ್ಗೆ ಆರೂವರೆಗೆ, ಮತ್ತೆ ಸಂಜೆಯೂ ಅಲ್ಲಿ ಸೇರುತ್ತಾರೆ. ಹದಿನೈದು ಕುರ್ಚಿ, ಒಂದು ಫ್ಲಾಸ್ಕ್ ಚಹಾ, ಒಂದು ಗಂಟೆ ಮಾತು. ಹಳಬರು ಸೀದಾ "ನಾಲ್ಕು" ಎನ್ನುತ್ತಾರೆ. ಹೊಸಬರಿಗೆ ಬಾಯೇ ಬರುವುದಿಲ್ಲ. "ಎರಡು ಅಂತಾರೆ, ಮೂರು ಅಂತಾರೆ. ಒಬ್ಬರಂತೂ ಐದು ಅಂದ್ರು, ಗಾಳಿ ತಗೊಳ್ಳೋಕಂತೆ! ಅಲ್ಲಿಗೂ ಕರ್ಕೊಂಡು ಹೋಗಿ ಕಾದೆ. ಸುಳ್ಳಿಗೂ ನಿಲ್ಲೋಕೆ ಒಂದು ಮಹಡಿ ಬೇಕಲ್ವಾ?" ಎಂದು ನಗುತ್ತಾರೆ ಲಿಫ್ಟಣ್ಣ.

ಲಿಫ್ಟಣ್ಣನ ಕೆಲಸದ ಹೊತ್ತು ಶುರುವಾಗುವುದು ಎಂಟಕ್ಕೆ. ಆಮೇಲೆ ಸಂಜೆಯವರೆಗೆ ಕಡಿಮೆಯೆಂದರೂ ನೂರೈವತ್ತು ಸಲ ಮೇಲೆ ಕೆಳಗೆ. ಬೆಳಗಿನ ಈ ಎರಡು ಗಂಟೆ ಯಾರೂ ಹೇಳಿ ಮಾಡಿಸುವುದಲ್ಲ.

ಹದಿನಾರು ವರ್ಷದ ಹಿಂದೆ ಇಲ್ಲಿಗೆ ಸೇರಿದಾಗ ಅವರೇ ದೊಡ್ಡ ಕುಡುಕ. ಎಷ್ಟೋ ಬೆಳಿಗ್ಗೆ ಲಿಫ್ಟಿಗೆ ಬೀಗ ಬಿದ್ದೇ ಇರುತ್ತಿತ್ತು. ಜನ ಮೆಟ್ಟಿಲು ಹತ್ತುತ್ತಾ ಶಾಪ ಹಾಕುತ್ತಿದ್ದರು. ಆರು ವರ್ಷ ಹಾಗೇ ಕಳೆಯಿತು. ಆಸ್ಪತ್ರೆಯಲ್ಲಿ ಆಯಾ ಆಗಿರುವ ಹೆಂಡತಿ ಅವರಿವರನ್ನು ಕೇಳಿ, ಕುಡಿತ ಬಿಡಿಸಲು ನೆರವಾಗುವ ಗುಂಪಿಗಾಗಿ ಊರೆಲ್ಲ ಹುಡುಕಿದರು. ಒಂದು ಮುಚ್ಚಿಹೋಗಿತ್ತು, ಇನ್ನೊಂದಕ್ಕೆ ಎರಡು ಬಸ್ಸು ಬದಲಿಸಬೇಕಿತ್ತು. ಕೊನೆಗೆ ನರ್ಸೊಬ್ಬರು ಚೀಟಿಯಲ್ಲಿ ಒಂದು ವಿಳಾಸ ಬರೆದುಕೊಟ್ಟರು. "ಓದಿದೆ, ಮತ್ತೊಂದು ಸಲ ಓದಿದೆ. ನಮ್ಮನೆಯವರು ಕೆಲಸ ಮಾಡೋ ಬಿಲ್ಡಿಂಗೇ!" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ ಆಕೆ.

ಮರುದಿನ ಬೆಳಿಗ್ಗೆ ಗಂಡನನ್ನು ಎಬ್ಬಿಸಿ, ಜೊತೆಗೇ ಬಂದು ಲಿಫ್ಟು ಹತ್ತಿದರು. "ನಾಲ್ಕು" ಎಂದರು.

"ನಿನಗೇನೇ ಅಲ್ಲಿ ಕೆಲಸ?"

"ನನಗಲ್ಲ ರೀ, ನಿಮಗೆ. ಇಳೀರಿ."

"ಆರು ವರ್ಷ ಆ ಜನಾನ ನಾನೇ ಸಂಜೆ ಸಂಜೆ ಮೇಲೆ ಬಿಟ್ಟು ಬರ್ತಿದ್ದೆ. ಅದೇನೋ ಚೀಟಿ ವ್ಯವಹಾರ ಅಂದ್ಕೊಂಡಿದ್ದೆ," ಎನ್ನುತ್ತಾರೆ ಲಿಫ್ಟಣ್ಣ. ಅಂದು ಇಳಿದವರು ಹತ್ತು ವರ್ಷವಾದರೂ ಮತ್ತೆ ಲೋಟ ಮುಟ್ಟಿಲ್ಲ.

ಕಾಯುವುದನ್ನು ಮಾತ್ರ ಅವರಿಗೆ ಕಲಿಸಿದ್ದು ಒಂದು ತಪ್ಪು. ಕುಡಿತ ಬಿಟ್ಟ ಹೊಸತು, ಮೈತುಂಬ ಹುಮ್ಮಸ್ಸು. ಒಂದು ಸಂಜೆ ತುಂಬಿದ ಲಿಫ್ಟಿನಲ್ಲಿ ತಡವರಿಸುತ್ತಿದ್ದ ಹೆಂಗಸೊಬ್ಬರಿಗೆ "ಕುಡಿತ ಬಿಡೋರ ಗುಂಪಾ ಅಮ್ಮಾ? ನಾಲ್ಕನೇದು!" ಎಂದುಬಿಟ್ಟರು. ಆರು ತಲೆ ಒಟ್ಟಿಗೆ ತಿರುಗಿದವು. ಆಕೆ ಮುಂದಿನ ಮಹಡಿಯಲ್ಲೇ ಇಳಿದು ಹೋದರು, ಮತ್ತೆ ಬರಲಿಲ್ಲ. "ಕುಡಿದು ಮಾಡಿದ ತಪ್ಪು ಲೆಕ್ಕ ಇಲ್ಲ. ಇದು ಕುಡೀದೇ ಮಾಡಿದ್ದು. ಇದೇ ಜಾಸ್ತಿ ಚುಚ್ಚುತ್ತೆ."

ಎರಡನೇ ಮಹಡಿಯಲ್ಲಿ ಹೆಜ್ಜೆ ಸದ್ದು ಅತ್ತಿಂದಿತ್ತ ಸುಳಿಯುತ್ತಿದೆ. ಇಸ್ತ್ರಿ ಅಂಗಿಯವರು ಬಂದಿರುವುದು ಮೂರನೇ ಸಲ. ಹಿಂದಿನ ಎರಡು ಸಲವೂ ಮೆಟ್ಟಿಲಿಳಿದು ಮಾಯವಾಗಿದ್ದಾರೆ. ನಾಲ್ಕನೇ ಸಲ ಎನ್ನುವುದು ಎಲ್ಲರಿಗೂ ಬರುವುದಿಲ್ಲ, ಅದು ಲಿಫ್ಟಣ್ಣನಿಗೆ ಗೊತ್ತು. ಅಷ್ಟರಲ್ಲಿ ಕೆಳಗಿನಿಂದ ಗಂಟೆ ಬಾರಿಸುತ್ತದೆ.

"ಏನಪ್ಪಾ, ಲಿಫ್ಟಲ್ಲೇ ಮಲಗಿಬಿಟ್ಯಾ?" ಕಾವಲುಗಾರನ ಕೂಗು. "ಪೇಪರಿನವರು ಕಾಯ್ತಿದಾರೆ!"

"ಅವರಿಗೆ ಕಾಲಿದೆ ತಾನೇ, ಮೆಟ್ಟಿಲು ಹತ್ತಿಸು!"

ಮತ್ತೆ ಗಂಟೆ. ಲಿಫ್ಟಣ್ಣ ಅಲುಗುವುದಿಲ್ಲ. ಹೆಜ್ಜೆಗಳು ಮೆಟ್ಟಿಲ ತನಕ ಹೋಗಿ ನಿಲ್ಲುತ್ತವೆ. ಆಮೇಲೆ ಇಸ್ತ್ರಿ ಅಂಗಿಯವರ ಮುಖ ಜಾಲರಿಯ ಬಳಿ ಕಾಣಿಸುತ್ತದೆ.

"ನೀವಿನ್ನೂ ಇಲ್ಲೇ ಇದ್ದೀರಾ?"

"ಅಂಗಡಿ ಮುಚ್ಚಿರುತ್ತೆ ಸಾರ್, ವಾಪಸ್ ಬರ್ತೀರಿ ಅಂತ."

ಅವರು ಒಳಗೆ ಬರುತ್ತಾರೆ. ಯಾವ ಮಹಡಿಯೆಂದು ಇವರು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಲಿಫ್ಟು ಏರುತ್ತದೆ. ಕೊನೆಯ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದು ಹಾಕುವ ಸದ್ದು ಕೇಳಿಸುತ್ತದೆ.

ಏಳೂವರೆಗೆ ಇಳಿಯುವಾಗ ಅವರ ಕಣ್ಣು ಕೆಂಪಾಗಿದೆ, ಇಸ್ತ್ರಿ ಕೆಟ್ಟಿದೆ. ಕೆಳಗೆ ಹೊರಗೆ ಕಾಲಿಟ್ಟವರು ತಿರುಗಿ ಕೇಳುತ್ತಾರೆ: "ನಾಳೆ ಬೆಳಿಗ್ಗೆಯೂ ಲಿಫ್ಟು ಇರುತ್ತಾ?"

ಲಿಫ್ಟಣ್ಣ ಸ್ಟೂಲಿನಿಂದ ಎದ್ದು ನಿಲ್ಲುತ್ತಾರೆ. "ಹತ್ತು ವರ್ಷದಿಂದ ಒಂದು ದಿನ ತಪ್ಪಿಲ್ಲ ಸಾರ್. ಬನ್ನಿ."