ಹಳದಿ ಹೊಗೆಕೊಳವೆಯ ಹಡಗು

ನಾನು ಚಿಕ್ಕವನಿದ್ದಾಗ ನನಗೆ ಅಪ್ಪನಿಗಿಂತ ಅಪ್ಪನ ಹಡಗಿನ ಪರಿಚಯವೇ ಹೆಚ್ಚಾಗಿತ್ತು. ಅಪ್ಪ ವರ್ಷಕ್ಕೆ ಒಂದೆರಡು ತಿಂಗಳು ಮನೆಯಲ್ಲಿದ್ದರೆ ಅದೇ ದೊಡ್ಡದು. ಹಡಗು ಮಾತ್ರ ಒಂದು ಬಣ್ಣದ ಕಾರ್ಡಿನಲ್ಲಿ ಸದಾ ನನ್ನ ದಿಂಬಿನ ಕೆಳಗೇ ಇರುತ್ತಿತ್ತು. ಕಪ್ಪು ಒಡಲು, ಮೇಲೆ ಬಿಳಿ ಅಂತಸ್ತುಗಳು, ತುದಿಯಲ್ಲಿ ಎರಡು ಹಳದಿ ಹೊಗೆಕೊಳವೆಗಳು.

ನಾವು ಮಂಗಳೂರಿನ ಕಡೆಯವರು. ಆಗ ಮುಂಬಯಿಯಲ್ಲಿ, ಬಂದರಿನ ಹತ್ತಿರ ಒಂದೇ ಕೋಣೆಯ ಮನೆಯಲ್ಲಿದ್ದೆವು. ಆ ಹಡಗು ಲಂಡನ್ನಿಗೂ ಮುಂಬಯಿಗೂ ನಡುವೆ ದೊರೆಗಳನ್ನೂ ದೊರೆಸಾನಿಗಳನ್ನೂ ಸಾಗಿಸುತ್ತಿತ್ತು. ಅಪ್ಪ ಅದರ ಊಟದ ಕೋಣೆಯಲ್ಲಿ ಬಡಿಸುತ್ತಿದ್ದರು. ಅಲ್ಲಿ ಪಿಯಾನೊ ಇತ್ತಂತೆ, ಒಬ್ಬೊಬ್ಬರ ಮುಂದೆ ನಾಲ್ಕೈದು ಚಮಚ ಇಡಬೇಕಂತೆ. "ಅದ್ರಲ್ಲಿ ಗಂಜಿಗೆ ಯಾವುದು?" ಎಂದು ನಾನು ಕೇಳಿದರೆ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಅಪ್ಪನ ಅಂಗಿಗೆ ಬೆಣ್ಣೆಯ, ಕಾಫಿಯ, ಇಸ್ತ್ರಿಯ ಬಿಸಿಯ ವಾಸನೆ ಇರುತ್ತಿತ್ತು.

ಆಮೇಲೆ ಯುದ್ಧ ಬಂತು. ಹಡಗನ್ನು ಸೈನಿಕರನ್ನು ಸಾಗಿಸಲು ತೆಗೆದುಕೊಂಡರು. ಬಹಳ ದಿನಗಳ ಮೇಲೆ ಒಂದು ಸಂಜೆ ಮನೆಗೆ ಬಂದ ಅಪ್ಪನ ಮೈಯಿಂದ ಹಸಿ ಪೇಂಟಿನ ವಾಸನೆ ಬಂತು. ಪಿಯಾನೊ ಇದ್ದ ಕಡೆ ಈಗ ಸಾಲುಸಾಲು ಜೋಲುಹಾಸಿಗೆ ಎಂದರು. ಅಂಥ ಹಡಗು ಹೊರಡುವ ಹೊತ್ತನ್ನು ಯಾರಿಗೂ ಹೇಳುವಂತಿರಲಿಲ್ಲ. ಹೊರಡುವಾಗ ನನ್ನ ತಲೆ ಸವರಿ, "ಬೆಳಿಗ್ಗೆ ಬಂದರಿನ ಗೋಡೆ ಹತ್ರ ಆಡ್ಲಿಕ್ಕೆ ಹೋಗಿ, ಆಯ್ತಾ, ಇಬ್ರೂ," ಎಂದಷ್ಟೇ ಹೇಳಿದರು.

ಮರುದಿನ ನಾನೂ ಅಕ್ಕನೂ ಗೋಡೆಯ ಮೇಲೆ ನಿಂತೆವು. ಗಾಳಿಯಲ್ಲಿ ಕಲ್ಲಿದ್ದಲಿನ ಹೊಗೆ, ಒಣಮೀನಿನ ವಾಸನೆ. ಒಂದು ಹಡಗು ನಮಗೆ ತೀರ ಹತ್ತಿರದಲ್ಲೇ ನಿಧಾನವಾಗಿ ಹೊರಬಂತು. ಅಡಿಯಿಂದ ಮುಡಿಯವರೆಗೆ ಬೂದು ಬಣ್ಣ. ಹೆಸರಿಲ್ಲ, ಕಿಟಕಿಗಳಿಗೆಲ್ಲ ಕಪ್ಪು ಬಳಿದಿತ್ತು. ಎಲ್ಲಿ ನೋಡಿದರೂ ಖಾಕಿ ಬಟ್ಟೆಯವರು. ಮೇಲಿನ ಅಂತಸ್ತಿನಲ್ಲಿ ಯಾರೋ ಬಿಳಿ ಬಟ್ಟೆಯೊಂದನ್ನು ಬೀಸುತ್ತಿದ್ದರು. ಅಕ್ಕ ಕುಣಿದು ಕುಣಿದು ಕೈ ಬೀಸಿದಳು.

"ಅದು ಅಪ್ಪನ ಹಡಗಲ್ಲ, ಹಳದಿ ಎಲ್ಲುಂಟು?" ಎಂದೆ.

"ಬಣ್ಣ ಬಳಿದಿದ್ದಾರೆ ಮಾರಾಯ! ಕೈ ಬೀಸು!" ಎಂದು ಅವಳು ನನ್ನ ತೋಳು ಹಿಡಿದು ಎಳೆದಳು.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೇರೆ ಕಡೆ ನೋಡುತ್ತ ನಿಂತೆ. ಅಕ್ಕ ಅಳುತ್ತ ಮನೆಗೆ ಹೋದಳು. ನನ್ನ ಹಳದಿ ಹಡಗಿಗಾಗಿ ನಾನು ಒಬ್ಬನೇ ಕಾದೆ. ಬಿಸಿಲೇರಿ ಗೋಡೆ ಕಾಲು ಸುಡತೊಡಗಿತು, ಸಮುದ್ರ ಖಾಲಿಯಾಗಿತ್ತು. ಆ ಬೂದು ಹಡಗೇ ಅಪ್ಪನದು ಎಂದು ಆಗ ಅರ್ಥವಾಯಿತು. ಅಷ್ಟು ದೊಡ್ಡ ಊರಿನಲ್ಲಿ ನನ್ನಷ್ಟು ಒಂಟಿ ಬೇರೆ ಯಾರೂ ಇಲ್ಲ ಎನಿಸಿತು.

ಯುದ್ಧ ಮುಗಿದ ಮೇಲೆ ಅಪ್ಪ ಬಂದರು, ತಲೆ ಪೂರ್ತಿ ನರೆತಿತ್ತು. ಅಷ್ಟರಲ್ಲಿ ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ಊಟಕ್ಕೆ ಕೂತಾಗ ಅಪ್ಪ ಮೆಲ್ಲಗೆ ಕೇಳಿದರು: "ಆವತ್ತು ಗೋಡೆ ಮೇಲೆ ಅಕ್ಕ ಒಬ್ಬಳೇ ಕೈ ಬೀಸೋದು ಕಂಡಿತು ಮಗಾ. ನಿಂಗೆ ನನ್ನ ಮೇಲೆ ಕೋಪ ಇತ್ತಾ?"

ಇಡೀ ಯುದ್ಧಕಾಲ ಅವರು ಅದನ್ನು ಮನಸ್ಸಿನಲ್ಲಿ ಹೊತ್ತು ತಿರುಗಿದ್ದರು. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತೆ. ಅದನ್ನು ಅವರು ಹೌದು ಎಂದೇ ತಿಳಿದರೇನೋ, ಮತ್ತೆಂದೂ ಕೇಳಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ಹಡಗು ಮತ್ತೆ ಹಳದಿ ಬಳಿಸಿಕೊಂಡು ಕೆಲವು ವರ್ಷ ಓಡಾಡಿ ಕೊನೆಗೆ ಗುಜರಿಗೆ ಹೋಯಿತು. ಅಪ್ಪನೂ ಹೋದರು.

ಈಗ ಲಂಡನ್ನಿನ ಅಂಚಿನ ಈ ಫೆಲ್ಥಮ್‌ನಲ್ಲಿ, ಮೊಮ್ಮಕ್ಕಳೇ, ನಿಮ್ಮ ಅಪ್ಪ ವಿಮಾನ ನಿಲ್ದಾಣದ ಕೆಲಸಕ್ಕೆ ಹೋದರೂ ಮಧ್ಯಾಹ್ನ ಜೇಬಿನ ಫೋನಿನಿಂದ "ಊಟ ಆಯ್ತಾ" ಎಂದು ಕೇಳುತ್ತಾನೆ. ಯಾವ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೀವು ಟಿವಿಯಲ್ಲೇ ನೋಡಿ ಹೇಳುತ್ತೀರಿ. ಯಾರೂ ಗುಟ್ಟಾಗಿ ಹೊರಡಬೇಕಿಲ್ಲ. ನೀವು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಹಿಂದಿನ ಗಾರ್ಡನ್ನಿನಲ್ಲಿ ನಿಂತು, ತಲೆಯ ಮೇಲೆ ಹಾದುಹೋಗುವ ಪ್ರತಿ ವಿಮಾನಕ್ಕೂ ಕೈ ಬೀಸುತ್ತೇನೆ. ಅದರ ಬಣ್ಣ ನೋಡುವುದಿಲ್ಲ.

ರಜೆಯಲ್ಲಿ ಅದನ್ನು ಕಂಡರೆ "ಅಜ್ಜಾ, ದೇ ಕಾಂಟ್ ಸೀ ಯು!" ಎಂದು ನೀವು ನಗುತ್ತೀರಿ. ಎರಡೆರಡು ಕೈ ಯಾಕೆ ಎಂದೂ ಮೊನ್ನೆ ಕೇಳಿದಿರಿ. ಒಂದು ವಿಮಾನದಲ್ಲಿ ಹೋಗುವವರಿಗೆ, ಮಕ್ಕಳೇ. ಇನ್ನೊಂದು, ಆ ದಿನ ಬೆನ್ನ ಹಿಂದೆ ಉಳಿದುಹೋದ ಕೈ.